ಕಾಕಾನ ಹೊಸ ಟೈರುಗಳು

ಜಹೀರಾಬಾದಿನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡಬಲ್ಲ ಕಾರು ಯಾರದೆಂದು ಕೇಳಿದರೆ ಜನ ನಮ್ಮ ಕಾಕಾನ ಮನೆ ತೋರಿಸುತ್ತಾರೆ. ಎಲ್ಲರಿಗಿಂತ ನಿಧಾನವಾಗಿ ಓಡಿಸುವವರು ಯಾರೆಂದು ಕೇಳಿ ನೋಡಿ, ಆಗಲೂ ಅದೇ ಮನೆ!

ಕಾಕಾ ನಮ್ಮ ಅಪ್ಪನ ತಮ್ಮ. ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಮದುವೆಯಾಗಿಲ್ಲ. ಯಾಕೆಂದು ಕೇಳುವ ವಯಸ್ಸು ನನಗೆ ಬರುವಷ್ಟರಲ್ಲಿ ಹೇಳುವ ವಯಸ್ಸು ಅವನಿಗೆ ದಾಟಿತ್ತು. ಐವತ್ತೈದರ ಆಸುಪಾಸು, ಉಳಿದವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವ ಕಾಲದಲ್ಲಿ, ಹೈದರಾಬಾದಿನಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಪಕ್ಕದಲ್ಲಿ ಕುರಿಹಿಂಡು ಹಾದರೆ ಒಳಗಿದ್ದವರಿಗೆ ಕಾಲುಗಳಷ್ಟೇ ಕಾಣುತ್ತವೆ.

ಆ ಎರಡನೆಯ ಸೀಟಿನದೇ ತೊಂದರೆ. ಅಮ್ಮ ಒಮ್ಮೆ ಕೂತಳು. ಮತ್ತೆ ಎಬ್ಬಿಸಲು ಎದುರುಮನೆಯ ಹೆಂಗಸರನ್ನು ಕರೆಯಬೇಕಾಯಿತು. ಅಪ್ಪ ಕಿಟಕಿಯಲ್ಲಿ ಇಣುಕಿ, ಬಾವಿ ನೋಡಿದವನಂತೆ ಹಿಂದೆ ಸರಿದ. ಒಂದೇ ಕಡೆ ಭಾರ ಬಿದ್ದರೆ ಗಾಡಿಗೆ ಒಳ್ಳೆಯದಲ್ಲವೆಂದು ಕಾಕಾ ಅಲ್ಲಿ ಜೋಳದ ಚೀಲ ಕೂರಿಸಿ, ಬೆಲ್ಟ್ ಹಾಕಿ ತಿರುಗತೊಡಗಿದ. ಚೌರಸ್ತಾದ ಪೊಲೀಸ್ ಕೈ ಅಡ್ಡ ಹಿಡಿದವನು, ಬೆಲ್ಟ್ ಹಾಕಿದ ಚೀಲವನ್ನು ನೋಡಿ ಸುಮ್ಮನೆ ಬಿಟ್ಟನಂತೆ. ಕಾನೂನಿನ ಪ್ರಕಾರ ಚೀಲದ ತಪ್ಪಾದರೂ ಏನು?

ಅಷ್ಟರಲ್ಲಿ ನನಗೆ ತಾಂಡೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆಗೆ ಹಿಡಿದೆ. ಕಾಕಾ ಪ್ರತಿ ರವಿವಾರ ಅಲ್ಲಿಗೇ ಬರತೊಡಗಿದ. ಅವನು ಒಬ್ಬನೇ ಇದ್ದಾನೆ, ನೀನಾದರೂ ಜೊತೆಗೆ ಕೂಡು ಎಂದು ಅಮ್ಮ ಹೇಳಿದ್ದರಿಂದ ನಾನೂ ಕೂತೆ. ನನ್ನದು ಮಾತು ಕಡಿಮೆ. ಅದು ಮನೆಯವರಿಗೆಲ್ಲ ಗೊತ್ತು. ಅಮ್ಮ ಫೋನಿನಲ್ಲಿ ನಕ್ಕಳು. "ಒಂದು ಚೀಲ ಇಳಿಸಿ ಇನ್ನೊಂದು ಚೀಲ ಕೂಡ್ಸ್ಯಾನ ನಿಮ್ಮ ಕಾಕಾ."

ನಾನೂ ನಕ್ಕೆ. ಫೋನಿಟ್ಟ ಮೇಲೆ ಕೋಣೆ ಬಹಳ ದೊಡ್ಡದೆನಿಸಿತು. ತರಗತಿಯಲ್ಲಿ ಹಾಜರಿ ಕರೆಯುತ್ತೇನೆ, ಲೆಕ್ಕ ಬಿಡಿಸುತ್ತೇನೆ. ಅದನ್ನೆಲ್ಲ ಮಾತು ಎನ್ನಲು ಬರುವುದಾದರೆ ನಾನು ದಿನವಿಡೀ ಮಾತನಾಡುತ್ತೇನೆ. ಇರಲಿ, ಇದು ಕಾಕಾನ ಕತೆ.

ತಾಂಡೂರಿನ ಸುತ್ತ ಕಲ್ಲಿನ ಕೆಲಸ. ಪಾಲಿಶ್ ಮಾಡುವ ಕಡೆಯಿಂದ ಹೊರಡುವ ಲಾರಿಗಳು ಕಲ್ಲುಪುಡಿಯ ಬಿಳಿ ಕೆಸರು ಸುರಿಸುತ್ತ ಹೋಗುತ್ತವೆ. ಒಂದು ರವಿವಾರ ಆ ಕೆಸರಿನ ಮೇಲೆ ಕಾಕಾನ ಕಾರು ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಅಪ್ಪನಿಗೆ ಮುಟ್ಟಿತು. ಇನ್ನು ತಾಂಡೂರಿನ ದಾರಿ ಬಂದ್, ಕಾರು ಮಾರಿಬಿಡು ಎಂದ. ಅಣ್ಣನಿಗೆ ಎದುರಾಡದ ಕಾಕಾ ಹೈದರಾಬಾದಿಗೆ ಹೋಗಿ, ರಸ್ತೆಯನ್ನು ಕಚ್ಚಿ ಹಿಡಿಯುತ್ತವೆಂಬ ಹೊಸ ಟೈರು ಹಾಕಿಸಿಕೊಂಡು ಬಂದ. ಕೊನೆಗೆ ತೀರ್ಮಾನವಾದದ್ದು ಇದು: ನಾನು ಕೂತು ನೋಡಬೇಕು, ನೋಡಿದ್ದನ್ನು ಅಪ್ಪನಿಗೆ ಹೇಳಬೇಕು. ನಾನು ಹೂಂ ಎಂದರೆ ರವಿವಾರಗಳು ಉಳಿಯುತ್ತವೆ, ಊಹೂಂ ಎಂದರೆ ಕಾರು ಹೋಗುತ್ತದೆ. ಮಾತನಾಡದವಳು ಸುಳ್ಳು ಹೇಳುವುದಿಲ್ಲವೆಂದು ಅಪ್ಪನ ನಂಬಿಕೆ!

ಮೊದಲು ಪೂಜೆ. ಅದಕ್ಕೆಂದು ನಾನೂ ಊರಿಗೆ ಬಂದಿದ್ದೆ. ಅಯ್ಯನವರು ಟೈರಿನ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರು. ಕಾಕಾ ಅಡ್ಡ ನಿಂತ. ಹೊಸ ರಬ್ಬರಿಗೆ ಹುಳಿ ತಾಗಿದರೆ ಹಿಡಿತ ಹೋಗುತ್ತದಂತೆ. ಚರ್ಚೆಯಾಗಿ, ಹಣ್ಣುಗಳನ್ನು ಟೈರಿನ ಪಕ್ಕಕ್ಕಿಟ್ಟು ಕಾರನ್ನು ಜಾಣತನದಿಂದ ಮುಂದೆ ಬಿಟ್ಟರು.

"ದೃಷ್ಟಿನೂ ಹಂಗೇ ಬಾಜೂಕ ಸರದು ನಿಂತಿರ್ತದ ಬಿಡು," ಎಂದಳು ಅಮ್ಮ.

ಅಂದು ಅಮ್ಮನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಾಂಡೂರಿಗೆ ಹೊರಟೆ. ಕಾಕಾ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ: ಏನು ಅನಿಸುತ್ತದೆ? ನನಗೆ ಅನಿಸಿದ್ದು, ಸದ್ದು ಜಾಸ್ತಿ. ಹಳೆಯ ಟೈರುಗಳು ಗೊಣಗುತ್ತಿದ್ದವು. ಇವು ಭಜನೆಗೇ ಕೂತಿದ್ದವು. ದಾರಿಯ ಹರಳುಗಳನ್ನೆಲ್ಲ ಎತ್ತಿಕೊಂಡು ಕಾರಿನ ಹೊಟ್ಟೆಗೆ ಎಸೆಯುತ್ತಿದ್ದವು. ಪೆದ್ದೆಮುಲ್ ದಾಟಿದ ಮೇಲೆ ಕಾಕಾ ಹಿಂದೆ ಮುಂದೆ ನೋಡಿ ಗಟ್ಟಿಯಾಗಿ ಬ್ರೇಕ್ ಒತ್ತಿದ. ಕಾರು ಇದ್ದಲ್ಲೇ ನಿಂತಿತು. ಡಬ್ಬಿ ನಿಲ್ಲಲಿಲ್ಲ. ಪುಂಡಿಪಲ್ಯ ಗಾಜಿಗೆ ಹತ್ತಿತ್ತು, ಕಾಕಾನ ಮುಖದಲ್ಲಿ ಹಬ್ಬ! ಬಿಳಿ ಕೆಸರು ಬಂದಾಗ ಮಾತ್ರ ಇಬ್ಬರೂ ಉಸಿರು ಹಿಡಿದೆವು. ಕಾರು ಸ್ವಂತ ಮನೆಯ ಅಂಗಳ ದಾಟಿದಂತೆ ದಾಟಿತು.

ಖುಷಿಗೆ ಕೊಡಂಗಲ್ ಕಡೆ ತಿರುಗಿಸಿದ. ತೊಗರಿ ರಾಶಿಯ ಕಾಲ. ರಸ್ತೆಯ ಮೇಲೆ ಒಣಗಿದ ಗಿಡಗಳನ್ನು ಹಾಸಿ, ಬಂದ ಗಾಡಿಗಳಿಂದ ತುಳಿಸಿಕೊಂಡು ಕಾಳು ಬಿಡಿಸುವುದು ಇಲ್ಲಿಯ ರೂಢಿ. ಬೇವಿನ ನೆರಳಿನಲ್ಲಿ ಮೊರ ಹಿಡಿದು ಕೂತಿದ್ದ ಮುದುಕಿ, ನಿಂತ ಕಾರನ್ನು ನೋಡಿ, ಸುಮ್ಮನೆ ಯಾಕೆ ನಿಂತೆ, ಹಾಯಿಸು ಎಂದು ಕೈ ಬೀಸಿದಳು. ತನ್ನ ಕಾರಿನಿಂದ ಲೋಕಕ್ಕೆ ಉಪಯೋಗವಾಗುವುದು ಕಾಕಾನಿಗೆ ಅದೇ ಮೊದಲು. ಹಿಂದೆ ಮುಂದೆ, ಹಿಂದೆ ಮುಂದೆ, ಎತ್ತಿಗಿಂತ ಶ್ರದ್ಧೆಯಿಂದ ತುಳಿಸಿದ. ಇಳಿದು ನೋಡಿದರೆ ಟೈರಿನ ಗೆರೆಗೆರೆಯಲ್ಲೂ ತೊಗರಿ!

"ಗಾಡಿ ನನ್ನ ಕಾಳು ತಿಂದದ. ಕಕ್ಕಸ್ರಿ," ಎಂದಳು ಮುದುಕಿ.

ಕಾಕಾ ಸ್ಕ್ರೂಡ್ರೈವರ್ ತೆಗೆದ, ನಾನು ಹೇರ್‌ಪಿನ್. ಇಬ್ಬರೂ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಳು ಕೀಳತೊಡಗಿದೆವು. ಮುದುಕಿ ಮೊರ ಒಡ್ಡಿದಳು. ಹಿಂದಿನ ಟೈರಿಗೆ ನಾನು ಸರಿದಾಗ ಅವಳು ಕಾಕಾನನ್ನು ಕೇಳುವುದು ಕೇಳಿಸಿತು.

"ನಿಮ್ಮ ಮಗಳೇನ್ರಿ? ಬಾಯೇ ಬಿಡವಲ್ಲಳು."

"ಅಣ್ಣನ ಮಗಳವ್ವ. ಮಾತಾಡ್ತಾಳ. ಬಾಜೂಕ ಯಾರರ ಕೂತ್ರ ಮಾತಾಡ್ತಾಳ. ವಾರ ಪೂರಾ ಅಕಿ ಬಾಜೂಕ ಯಾರೂ ಕೂಡಂಗಿಲ್ಲ. ಅದಕ್ಕೇ ನಾ ಬರ್ತೀನಿ. ಈ ದಾರಿ ಬಂದಾಗಬಾರದಂತ ಟೈರ್ ಹಾಕ್ಸೀನಿ."

ಕಾಕಾ ಇದನ್ನು ತಲೆ ಎತ್ತದೆ ಹೇಳಿದ. ಮುದುಕಿ ಹೌದೇನೋ ಎಂದು ಮೊರ ಜಾಡಿಸಿದಳು. ಇಷ್ಟು ದಿನ ಅವನಿಗೆ ಜೊತೆ ಕೊಡುತ್ತಿದ್ದೇನೆ ಎಂದುಕೊಂಡಿದ್ದವಳು ನಾನು. ಹೇರ್‌ಪಿನ್ ಎಲ್ಲಿ ಚುಚ್ಚಬೇಕೆಂದು ಸ್ವಲ್ಪ ಹೊತ್ತು ಕಾಣಲಿಲ್ಲ.

ಅಪ್ಪನ ಫೋನು ಅಲ್ಲೇ ಬಂತು. ಜಾರಿತೇ ಎಂದು ಕೇಳಿದ. ಇಲ್ಲ, ಕೆಸರಿನ ಮೇಲೂ ಜಾರಲಿಲ್ಲ ಎಂದೆ. ಕಾಕಾ ಟೈರಿನ ಆಚೆ ಕೈ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ.

"ಹಂಗಾದ್ರ ಸಾಕಲ್ಲ," ಎಂದ ಅಪ್ಪ. "ತಿಳೀತು."

"ಸಾಕಾಗಂಗಿಲ್ಲಪ್ಪ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಒಂದು ರವಿವಾರದಾಗ ತಿಳಿಯೂದಲ್ಲ ಇದು. ಇನ್ನೂ ಭಾಳ ರವಿವಾರ ಕೂತು ನೋಡಬೇಕು."