ಲಾಗಿನ್ ಆಪುಕ್ ಬಂದವರು

ಬೀಗ ಮಾಡುವುದು ಸುಲಭ ಮಾರಾಯ್ರೆ. ಅದರ ಕೀಲಿಯನ್ನು ಮನುಷ್ಯರ ಕೈಗೆ ಕೊಡುವುದಿದೆಯಲ್ಲ, ಎಡವಟ್ಟೆಲ್ಲ ಅಲ್ಲೇ. ಒಂದು ಸಹಕಾರಿ ಸಂಘದ ಕುಂದಾಪುರ, ಬೈಂದೂರು, ಬ್ರಹ್ಮಾವರ ಶಾಖೆಗಳಿಗೆ ಲಿನಕ್ಸ್ ಸರ್ವರ್ ಕೂರಿಸಿದಾಗ ನನಗೆ ಈ ಜ್ಞಾನೋದಯವಾಯಿತು. ಎಲ್ಲರ ಹೆಸರು, ಪಾಸ್‌ವರ್ಡ್ ಕುಂದಾಪುರದ ಒಂದೇ ಸರ್ವರಿನಲ್ಲಿ. ಯಾವ ಶಾಖೆಯಲ್ಲಿ ಕೂತರೂ ಅದೇ ಹೆಸರಿನಿಂದ ಒಳಗೆ ಹೋಗಬಹುದು. "ಅಧ್ಯಕ್ಷರು ನೋಡಿ ಒಪ್ಪದಿದ್ರೆ ನಿಮ್ ಪೆಟ್ಟಿಗೆ ಕಟ್ಟಿ ಹೊರಡಿ" ಎಂದಿದ್ದರು ಮ್ಯಾನೇಜರು. ನನ್ನ ಮೊದಲ ದೊಡ್ಡ ಕೆಲಸ ಅದು.

ಬುತ್ತಿ ಸಮೇತ

ಬೈಂದೂರಿನ ಗುಮಾಸ್ತರಿಗೆ ಫೋನಿನಲ್ಲಿ, "ನಾಳೆಯಿಂದ ನೀವು ಕುಂದಾಪುರದ ಸರ್ವರಿಗೇ ಲಾಗಿನ್ ಆಗಬೇಕು" ಅಂದೆ. ಮರುದಿನ ಬುತ್ತಿ ಹಿಡಿದು ಕುಂದಾಪುರದಲ್ಲಿ ಪ್ರತ್ಯಕ್ಷ!

"ನೀವೆಂತ ಇಲ್ಲಿ?"

"ಲಾಗಿನ್ ಆಪುಕ್ ಬಂದೆ. ಮರವಂತೆ ಹತ್ರ ಬಸ್ ಕೆಟ್ಟ್ ತಡ ಆಯ್ತ್."

ಕೂತಲ್ಲಿಂದಲೇ ಆಗುತ್ತದೆ ಎಂದು ಗಂಟಲು ಹರಿಯುವಷ್ಟು ವಿವರಿಸಿದೆ. ತಲೆಯಾಡಿಸಿ ಬಾಗಿಲ ತನಕ ಹೋದವರು ತಿರುಗಿದರು.

"ಹ್ವಾಯ್, ಹಂಗಾರೆ ಲಾಗ್‌ಔಟ್ ಆಪುಕ್ ಸಂಜಿಗ್ ಬರ್ಕಾ?"

ಬಾಗಿಲು ತೆಗೆದ ಮನೆ

ಲಿನಕ್ಸ್ 'ಓಪನ್ ಸೋರ್ಸ್', ಅಂದರೆ ಅದರ ಒಳಗಿನ ಬರಹ ಯಾರು ಬೇಕಾದರೂ ನೋಡಬಹುದು. ಬ್ರಹ್ಮಾವರದ ಶಾಖಾಧಿಕಾರಿಗೆ ಆ ಮಾತೇ ಆಗಿಬರಲಿಲ್ಲ. "ಓಪನ್ ಅಂದ್ರೆ ಬಾಗ್ಲ್ ತೆಗ್ದಿಟ್ಟದ್ದ್ ಅಲ್ದಾ? ಕಳ್ರ್ ನುಗ್ಗಿರೆ?" ಸುರಕ್ಷತೆಯ ಬಗ್ಗೆ ನನಗೇ ದೊಡ್ಡ ಪಾಠ ಮಾಡಿದರು. ಅವರ ಮಾನಿಟರಿನ ನೆತ್ತಿ ನೋಡಿದೆ. ದಪ್ಪ ಅಕ್ಷರದಲ್ಲಿ ಅವರದೇ ಪಾಸ್‌ವರ್ಡ್!

"ಇದೆಂತ ಸಾರ್?"

"ನಾ ರಜೆ ಹಾಕಿರೆ ಉಳ್ದೋರಿಗೆ ಬೇಕಲ್ದಾ?"

ಹೇಳ್ತಿಲ್ಲೆ

ಸರ್ವರಿನ ಮುಖ್ಯ ಪಾಸ್‌ವರ್ಡ್ ಹೊರಗಿನವನಾದ ನನಗೆ ತಿಳಿಯಬಾರದೆಂದು ಕುಂದಾಪುರದ ಹೆಡ್ ಕ್ಲಾರ್ಕ್ ಹಟ. ನನ್ನನ್ನು ಚಹಾ ಕುಡಿಯಲು ಕಳಿಸಿ ತಾವೇ ಹೊಸದು ಹಾಕಿಕೊಂಡರು.

ಸರ್ವರ್ ನೋಡಲು ಅಧ್ಯಕ್ಷರು ಕುಂದಾಪುರಕ್ಕೆ ಬಂದರು. ತಮ್ಮ ಪಾಸ್‌ವರ್ಡನ್ನು ಮೂರು ಸಲ ತಪ್ಪು ಒತ್ತಿದರು, ಅವರ ಲಾಗಿನ್ನೇ ಬಂದ್ ಆಯಿತು. ಬಿಡಿಸಲು ಮುಖ್ಯ ಪಾಸ್‌ವರ್ಡೇ ಬೇಕು.

ಮ್ಯಾನೇಜರು ಹೆಡ್ ಕ್ಲಾರ್ಕನ್ನು ಕೇಳಿದರು, "ಪಾಸ್‌ವರ್ಡ್ ಎಂತ?"

"ಹೇಳ್ತಿಲ್ಲೆ."

"ಅಧ್ಯಕ್ಷರ್ ಕಾಯ್ತಾ ಇದ್ರ್, ಹೇಳಿ!"

"ಹೇಳ್ತಿಲ್ಲೆ ಅಂದ್ನಲೆ!"

"ಸಸ್ಪೆಂಡ್ ಮಾಡ್ತೆ, ಕಾಣಿ!"

"ಅಯ್ಯೋ, ಪಾಸ್‌ವರ್ಡೇ 'ಹೇಳ್ತಿಲ್ಲೆ' ಮಾರಾಯ್ರೆ!"

ಒತ್ತಿದೆ, ಬಿಡಿಸಿಕೊಂಡಿತು. ಅಧ್ಯಕ್ಷರು ನಕ್ಕು, "ನಾಳೆ ಬೈಂದೂರ್ ಶಾಖೆಗೂ ಹೋಯಿ ಕಂಡ್ಕಂಡ್ ಒಪ್ಪಿಗೆ ಕೊಡ್ತೆ" ಅಂದರು. ಗುಟ್ಟು ಊರಿಗೆಲ್ಲ ತಿಳಿಯಿತೆಂದು ಹೆಡ್ ಕ್ಲಾರ್ಕ್ ಅಲ್ಲೇ ಪಾಸ್‌ವರ್ಡ್ ಬದಲಿಸಿದರು.

ಮರುದಿನ ಬೈಂದೂರಿನ ಗುಮಾಸ್ತರ ಫೋನು. ಅಧ್ಯಕ್ಷರು ಮತ್ತೆ ಮೂರು ಸಲ ತಪ್ಪು ಒತ್ತಿದ್ದರು. ಏನು ಬೆರಳೋ ದೇವರೇ!

ಹೆಡ್ ಕ್ಲಾರ್ಕನ್ನು ಕೇಳಿದೆ, "ಹೊಸ ಪಾಸ್‌ವರ್ಡ್ ಎಂತ?"

"ಮರ್ತ್ ಹೋಯ್ತ್."

ಈ ಸಲ ಬೇಸ್ತು ಬೀಳುವವನು ನಾನಲ್ಲ. ಮೀಸೆಯಡಿ ನಗುತ್ತಾ 'ಮರ್ತ್ ಹೋಯ್ತ್' ಎಂದು ಒತ್ತಿದೆ. ಆಗಲಿಲ್ಲ. ಕೂಡಿಸಿ ಒತ್ತಿದೆ, ಬಿಡಿಸಿ ಒತ್ತಿದೆ. ಆಗಲಿಲ್ಲ. ತಿರುಗಿ ನೋಡಿದರೆ ಹೆಡ್ ಕ್ಲಾರ್ಕ್ ಅಳುವುದೊಂದು ಬಾಕಿ.

"ಸತ್ಯಾಗೂ ಮರ್ತ್ ಹೋಯ್ತ್ ಮಾರಾಯ್ರೆ!"

ಕಟ್ಟಿಟ್ಟ ನನ್ನ ಪೆಟ್ಟಿಗೆ ಕಣ್ಣೆದುರು ಬಂತು. ಫೋನಿನಲ್ಲಿ ಕಾಯುತ್ತಿದ್ದ ಗುಮಾಸ್ತರಿಗೆ, "ಅಲ್ಲಿಂದ ಈಗ ಲಾಗಿನ್ ಆಗುವುದಿಲ್ಲ" ಅಂದೆ.

"ನಾ ಅವತ್ತ್ ಅಲ್ಲಿಗ್ ಬಂದದ್ದ್ ಅದ್ಕೇ ಅಲ್ದಾ?" ಗುಮಾಸ್ತರಿಗೆ ಖುಷಿಯೋ ಖುಷಿ. "ಅಧ್ಯಕ್ಷರಿಗೂ ಬುತ್ತಿ ಕಟ್ಸಿ ಬಸ್ ಹತ್ಸುದಾ?"