ನನ್ನ ಹೊಟ್ಟೆ, ಆಕೆಯ ಖಾರ

ಗಂಡಸಿಗೆ ಹೊಟ್ಟೆ ಕೆಟ್ಟರೆ ಅಡುಗೆಮನೆಯಲ್ಲಿ ಅಪರಾಧಿಯನ್ನು ಹುಡುಕುವುದು ನಮ್ಮ ಕಡೆಯ ಪದ್ಧತಿ. ದೂರ ಹೋಗಬೇಕಾಗಿಲ್ಲ, ಒಲೆಯ ಮುಂದೆ ಹೆಂಡತಿ ಕೂತೇ ಇರುತ್ತಾಳೆ. ನಾನೂ ಎಂಟು ವರ್ಷ ಹಾಗೇ ಮಾಡಿದೆ. ನಾಚಿಕೆಯಾಗಬೇಕಲ್ಲವೆ ಎಂದರೆ, ಆಗುತ್ತಿದೆ, ತಡವಾಗಿ.

ಆಗ ನಾನು ಬಳ್ಳಾರಿಯ ಕೋರ್ಟಿನಲ್ಲಿ ಗುಮಾಸ್ತ. ನಾವಿನ್ನೂ ಮದರಾಸಿನವರ ಕೈಕೆಳಗಿದ್ದ ಕಾಲ. ಮದುವೆಯಾಗಿ ಬೇರೆ ಮನೆ ಹೂಡಿದಾಗ ಅವ್ವ ಕುರುಗೋಡಿನಿಂದ ಒಂದು ಎಮ್ಮೆ ಹೊಡೆಸಿ ಕಳಿಸಿದಳು. ದಿನಕ್ಕೆರಡು ತಂಬಿಗೆ ಹಾಲು ನನ್ನ ಪಾಲು. ಕುಡಿದು ತಾಸಾಗುವುದರೊಳಗೆ ಹೊಟ್ಟೆ ಉಬ್ಬಿ ಗುಡುಗುಡು ಎನ್ನುತ್ತಿತ್ತು. ಒಮ್ಮೆ ಜಡ್ಜ್ ಸಾಹೇಬರು ತೀರ್ಪು ಓದುವಾಗ ಅದು ಎಷ್ಟು ಜೋರಾಗಿ ಗುಡುಗಿತೆಂದರೆ ವಕೀಲರೊಬ್ಬರು ಕಿಟಕಿಯತ್ತ ನೋಡಿದರು. ಬಳ್ಳಾರಿಯ ಬೇಸಿಗೆಯಲ್ಲಿ ಮೋಡವೇ!

ಅವ್ವ ಬಂದಾಗಲೆಲ್ಲ ಅವಳದೂ ಒಂದು ತೀರ್ಪು. "ಸಿರುಗುಪ್ಪದಾಕಿ ಖಾರ ಹಾಕಿ ಹಾಕಿ ನನ್ನ ಮಗನ ಕರುಳು ಸುಟ್ಟಾಳ. ಲೇ, ಇನ್ನೊಂದು ತಂಬಿಗಿ ಹಾಲು ಕುಡಿ, ತಂಪಾಗ್ತೈತಿ."

ಹೌದು, ಆಕೆ ಸಿರುಗುಪ್ಪದವಳೇ. ರೊಟ್ಟಿಯ ಜೊತೆ ಹಸಿಮೆಣಸಿನಕಾಯಿ ಕಡಿದು, ಕಣ್ಣಲ್ಲಿ ನೀರು ಬಂದರೂ ನಗುತ್ತಿದ್ದಳು. ಆ ನಗುವಿಗೇ ನಾನು ಮರುಳಾಗಿದ್ದೆ. ಅಂಥವಳ ಮೇಲೆ, ಖಾರ ಮುಟ್ಟಿದ ಕೈಯ ರೊಟ್ಟಿಯೂ ನನಗೆ ಆಗದು ಎಂದು ಕೂಗಾಡಿ, ಖಾರದ ಡಬ್ಬಿಯನ್ನೇ ಪಕ್ಕದ ಮನೆಗೆ ಕೊಡಿಸಿದೆ. ಅಂದಿನಿಂದ ಮನೆಯಲ್ಲಿ ಸಪ್ಪೆ ಬೇಳೆ, ಸಪ್ಪೆ ಪಲ್ಯ. ಆಕೆಯೂ ಅದನ್ನೇ ಉಂಡಳು.

ಮೂರನೆಯ ವರ್ಷ ಎಮ್ಮೆ ಬತ್ತಿತು. ಒಂದು ದಿನ ಆಕೆ ಮೆಲ್ಲಗೆ ಅಂದಳು: "ಏನ್ರಿ, ಎಮ್ಮಿ ಬತ್ತಿದಾಗಿಂದ ನಿಮ್ಮ ಹೊಟ್ಟಿ ಸುಮ್ಮನೈತಿ ನೋಡ್ರಿ. ಹಾಲು ನಿಮಗ ಆಗಿಬರಂಗಿಲ್ಲೇನೋ."

"ನಮ್ಮವ್ವ ಕೊಟ್ಟ ಎಮ್ಮಿ ಮ್ಯಾಲ ಹೊಟ್ಟಿಕಿಚ್ಚೇನು ನಿನಗ?" ಎಂದು ಹಾರಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಬೇರೆ ಹೇಳಿದೆ. ಎಮ್ಮೆ ಮತ್ತೆ ಈಯಿತು, ಗುಡುಗೂ ಮರಳಿತು. ಇನ್ನೂ ಐದು ವರ್ಷ ಸಪ್ಪೆ ಊಟ ನಡೆಯಿತು.

ಕೊನೆಗೆ ಡಾಕ್ಟರೊಬ್ಬರು, "ಹಾಲು ಬಿಟ್ಟು ನೋಡ್ರಿ, ಕೆಲವರಿಗೆ ಅರಗಂಗಿಲ್ಲ" ಅಂದರು. ಹೆಂಡತಿ ಹೇಳಿದಾಗ ಹೊಟ್ಟೆಕಿಚ್ಚಾಗಿದ್ದ ಮಾತು ಡಾಕ್ಟರ ಬಾಯಲ್ಲಿ ವೈದ್ಯವಾಯಿತು. ಬಿಟ್ಟೆ. ವಾರದಲ್ಲಿ ಹೊಟ್ಟೆ ತಣ್ಣಗಾಯಿತು.

ತಣ್ಣಗಾದ ದಿನವೇ ಪೇಟೆಯಿಂದ ಎಳೆ ಮೆಣಸಿನಕಾಯಿ ತಂದು ಆಕೆಯ ಮುಂದೆ ಸುರಿದೆ. "ತಿನ್ನು, ಇನ್ನ ಯಾರೂ ಏನೂ ಅನ್ನಂಗಿಲ್ಲ." ತಪ್ಪೊಪ್ಪಿಗೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಆಕೆ ಒಂದನ್ನು ಕಡಿದಳು. ಅರ್ಧಕ್ಕೇ ಕೆಳಗಿಟ್ಟು ಹೊಟ್ಟೆ ಒತ್ತಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು, ನಗು ಬರಲಿಲ್ಲ.

"ಆಗವಲ್ದುರಿ. ಒಳಗೆಲ್ಲ ಉರಿಯಾಕತ್ತೈತಿ. ಮೊದಲಿನ ಹೊಟ್ಟಿ ಉಳಿದಿಲ್ಲ."

ಏನಾದರೂ ಹೇಳಲೇಬೇಕಾಗಿತ್ತು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟೇ:

"ಒಂದು ತಂಬಿಗಿ ಹಾಲು ಕುಡಿ, ತಂಪಾಗ್ತೈತಿ."