ಅನುಮತಿಯಿಲ್ಲದೆ ನಡೆದ ಸಮನ್ವಯ

ನಾಸಿಕದ ಗೋದಾತೀರ ಕನ್ನಡ ಬಳಗವು ನಡೆಸುವ ಬಾಲವಾಡಿಯಲ್ಲಿ ಸಮನ್ವಯ ಶಿಕ್ಷಣ ಜಾರಿಯಲ್ಲಿದೆ ಎಂಬ ಸಂಗತಿಯು ಕಾರ್ಯಕಾರಿ ಸಮಿತಿಯ ಗಮನಕ್ಕೆ ಬಂದದ್ದು, ಅದು ಜಾರಿಯಾಗಿ ಒಂದೂವರೆ ವರ್ಷ ಕಳೆದ ಮೇಲೆ. ಅಲ್ಲಿಯ ತನಕ ಅದು ಯಾರ ಅಪ್ಪಣೆಯೂ ಇಲ್ಲದೆ, ಒಂದು ಬ್ಯಾನರ್ ಕೂಡ ಇಲ್ಲದೆ, ತನ್ನ ಪಾಡಿಗೆ ತಾನು ನಡೆದುಕೊಂಡು ಹೋಗಿತ್ತು. ಬಳಗದ ಗೌರವ ಕಾರ್ಯದರ್ಶಿಯಾದ ಸಂಗಮನಾಥ ಎಂಬ ನಾನು ಈ ವರದಿಯನ್ನು ಬರೆಯುವಾಗ, ನಮ್ಮ ಮೂಗಿನ ಕೆಳಗೇ ಹೀಗೆಲ್ಲ ಆಗಿಹೋಯಿತಲ್ಲ ಎಂದು ಈಗಲೂ ತಲೆ ಚಚ್ಚಿಕೊಳ್ಳುತ್ತೇನೆ.

ಆದದ್ದಿಷ್ಟು. ಅಂಗವಿಕಲ ಮಕ್ಕಳೂ ಉಳಿದ ಮಕ್ಕಳೂ ಕೂಡಿ ಕಲಿಯುವ ಬಾಲವಾಡಿಗಳಿಗೆ ನೆರವು ಕೊಡುವುದಾಗಿ ಮುಂಬಯಿಯ ಒಂದು ದತ್ತಿ ಸಂಸ್ಥೆ ಪ್ರಕಟಿಸಿತು. ನಮ್ಮ ಅಧ್ಯಕ್ಷರಾದ ವಿಶ್ವನಾಥಪ್ಪನವರು ಭಾಲ್ಕಿ ಕಡೆಯವರು, ಲಾಸಲಗಾಂವಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುವವರು, ಯಾವ ನೆರವನ್ನೂ ಸುಮ್ಮನೆ ಬಿಟ್ಟುಕೊಡುವ ಜಾಯಮಾನದವರಲ್ಲ. ನಮ್ಮಲ್ಲಿ ಅಂಥ ಮಗು ಒಂದೂ ಇಲ್ಲವಲ್ಲ ಎಂದು ಸಮಿತಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ, ಬಾಲವಾಡಿಯ ಶಿಕ್ಷಕಿ ಲತಾ ಹೊಸ ಜಮಖಾನೆ ಕೇಳಲು ಒಳಗೆ ಬಂದವಳು, ಹಂಸಾ ಇದ್ದಾಳಲ್ಲ ಎಂದುಬಿಟ್ಟಳು.

ಹಂಸಾ ಐದು ವರ್ಷದ ಹುಡುಗಿ. ತಂದೆ ಓಂಕಾರ ಕಲಬುರಗಿಯವನು, ಓಝರಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಮಗುವಿನ ಬಲಗಾಲಿಗೆ ಹುಟ್ಟಿನಿಂದಲೇ ಶಕ್ತಿ ಕಡಿಮೆ, ಮೊಣಕಾಲಿನವರೆಗೆ ಪಟ್ಟಿ ಕಟ್ಟಿದ ಬೂಟು. ಇಷ್ಟು ದೊಡ್ಡ ವಿಷಯವನ್ನು ಸಮಿತಿಗೆ ಯಾಕೆ ತಿಳಿಸಲಿಲ್ಲ ಎಂದು ನಾನು ಗದರಿ ಕೇಳಿದೆ.

"ಅದ್ರಾಗ ತಿಳಸೋದೇನ್ ಅದರಿ ಸರ? ಆಕಿ ಬರತಾಳ, ಕೂಡತಾಳ, ಕಲೀತಾಳ" ಎಂದಳು ಲತಾ.

ಮರುದಿನ ಸಮಿತಿಯವರೆಲ್ಲ ಹೋಗಿ ಖುದ್ದಾಗಿ ನೋಡಿದೆವು. ಪರಿಸ್ಥಿತಿ ಗಂಭೀರವಾಗಿತ್ತು. ಮಕ್ಕಳು ಅಂಗಳದಲ್ಲಿ ಮುಟ್ಟಾಟ ಆಡುತ್ತಿದ್ದರು. ಹಂಸಾಳ ಗೆಳತಿ ವೈಷ್ಣವಿ ಎಂಬ ಹುಡುಗಿ ಅವಳ ಕೈ ಹಿಡಿದುಕೊಂಡು ಓಡುವುದು, ಇಬ್ಬರೂ ಸೇರಿ ಒಬ್ಬರೇ ಎಂದು ಲೆಕ್ಕ. ಈ ತಿದ್ದುಪಡಿಯನ್ನು ಯಾರು ಮಂಡಿಸಿದರು, ಯಾರು ಅನುಮೋದಿಸಿದರು ಎಂದರೆ ಒಂದು ಮಗುವೂ ಬಾಯಿ ಬಿಡಲಿಲ್ಲ. ಆ ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅಂದು ಅದೂ ಬರಲಿಲ್ಲ. ನಾವು ಮೂರು ಸಲ ಕೆಮ್ಮಿದರೂ ಲೆಕ್ಕಿಸದೆ ಆಟ ಮುಂದುವರಿಸಿದರು.

ಜಮಖಾನೆಯ ಮೇಲೆ ಮಕ್ಕಳನ್ನೆಲ್ಲ ಕೂರಿಸಿ ಫೋಟೋ ತೆಗೆದು ದತ್ತಿ ಸಂಸ್ಥೆಗೆ ಕಳಿಸಿದೆವು. ವಾರದಲ್ಲಿ ಉತ್ತರ ಬಂತು. ಚಿತ್ರದಲ್ಲಿ ಸಮನ್ವಯವು ಕಾಣಿಸುತ್ತಿಲ್ಲ, ಮಕ್ಕಳೆಲ್ಲ ಒಂದೇ ಥರ ಇದ್ದಾರೆ, ಆದಕಾರಣ ಸಮನ್ವಯವನ್ನು ಎದ್ದು ಕಾಣುವಂತೆ ಮಾಡಿ ಮತ್ತೆ ಕಳಿಸತಕ್ಕದ್ದು. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು.

ವಿಶ್ವನಾಥಪ್ಪನವರು ತುರ್ತು ಸಭೆ ಕರೆದರು. ಉದ್ಘಾಟನೆಯೇ ಆಗದ ಕಾರ್ಯವು ನಡೆಯುತ್ತಿರುವುದು ಬಳಗದ ನಡಾವಳಿಗೆ ವಿರುದ್ಧವೆಂದೂ, ಉದ್ಘಾಟನೆಯಾಗುವ ತನಕ ಸಮನ್ವಯವನ್ನು ತಡೆಹಿಡಿಯಬೇಕೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು. ಮುಖ್ಯ ಅತಿಥಿಗಳ ದಿನಾಂಕ ಸಿಗುವವರೆಗೆ ಹಂಸಾ ಮನೆಯಲ್ಲಿರಬೇಕಾಯಿತು. ಅತಿಥಿಗಳು ಬಹಳ ಬೇಡಿಕೆಯಲ್ಲಿದ್ದವರು, ಹೀಗಾಗಿ ಒಂದು ತಿಂಗಳ ಮೇಲಾಯಿತು. ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಾಳೆಂದು ಅವಳ ತಾಯಿ ಕಮಲಾಕ್ಷಿ ಫೋನು ಮಾಡುತ್ತಿದ್ದರು. ಸಮನ್ವಯದ ಬಗ್ಗೆ ಮಗುವಿಗೆ ಇರುವ ಉತ್ಸಾಹವನ್ನು ಕೇಳಿ ಸಮಿತಿಗೆ ಸಂತೋಷವಾಯಿತು.

ಉದ್ಘಾಟನೆ ಜೋರಾಗಿಯೇ ನಡೆಯಿತು. ಹೊರನಾಡಿನ ಕನ್ನಡಿಗರಿಗೆ ಸನ್ಮಾನ ಮಾಡುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹಂಸಾಳನ್ನು ಸಿಂಹಾಸನದಂಥ ಕುರ್ಚಿಯ ಮೇಲೆ ಕೂರಿಸಿ ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟೆವು. ಪೇಟ ಮೂಗಿನ ತನಕ ಇಳಿದು ಮುಖ ಕಾಣದಿದ್ದರೂ, ಬೂಟು ಮಾತ್ರ ಫೋಟೋದಲ್ಲಿ ಚೆನ್ನಾಗಿ ಬಂತು. ದತ್ತಿ ಸಂಸ್ಥೆಯವರು ಈಗ ಸಮನ್ವಯ ಸ್ಪಷ್ಟವಾಗಿದೆ ಎಂದು ಬರೆದರು.

ಸುದ್ದಿ ಹರಡಿತು. ಇಗತಪುರಿಯ ರೈಲ್ವೆ ಕನ್ನಡಿಗರು ಬಂದು ಶಾಲು ಹೊದಿಸಿದರು. ಸಾಬೂನಿನ ಏಜೆನ್ಸಿಯವರು ಹೊದಿಸಿದರು. ಮದುವೆ ವಾರ್ಷಿಕೋತ್ಸವದ ಸಲುವಾಗಿ ಒಂದು ದಂಪತಿ ಬಂದು ಹೊದಿಸಿ, ಊಟಕ್ಕೆ ಶಿರಾ ಹಾಕಿಸಿದರು. ಛತ್ರಪತಿ ಸಂಭಾಜಿನಗರದ ನಮ್ಮ ಸೋದರ ಬಳಗದ ಕಾರ್ಯದರ್ಶಿ ಸುಧಾಕರ ಅವರಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಶೇಂದ್ರಾದ ಕಾರ್ಖಾನೆಯ ಸಾಹೇಬರೊಬ್ಬರು ದೇಣಿಗೆ ಕೊಡಲು ಮುಂದೆ ಬಂದಿದ್ದಾರೆ, ನಮ್ಮಲ್ಲಿ ಸದ್ಯಕ್ಕೆ ಸಮನ್ವಯ ಲಭ್ಯವಿಲ್ಲ, ತಮ್ಮದನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡಬೇಕು ಎಂದು ಪತ್ರ ಬರೆದರು. ಕಳಿಸಿದೆವು. ಹಂಸಾ ಯೇವಲಾ ದಾಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು, ವೇದಿಕೆಯ ಮೇಲೆ ಸಾಹೇಬರ ಭಾಷಣದುದ್ದಕ್ಕೂ ನಿದ್ದೆ ಹೋದಳು. ಎಂಥ ಶಾಂತ ಮಗು ಎಂದು ಸಭೆ ಚಪ್ಪಾಳೆ ತಟ್ಟಿತು. ಸುಧಾಕರ ಆಮೇಲೆ ಎರಡು ಸಲ ಕರೆಸಿಕೊಂಡರು.

ಇಷ್ಟೆಲ್ಲ ಆದ ಮೇಲೆ ನಿಯಮಗಳಿಲ್ಲದಿದ್ದರೆ ಆಗುವುದಿಲ್ಲವೆಂದು ನಾನೇ ಕೂತು ಬರೆದು ಬಾಲವಾಡಿಯ ಗೋಡೆಗೆ ಅಂಟಿಸಿದೆ. ಸಮನ್ವಯಿತ ಮಗುವು ಜಮಖಾನೆಯ ಮೇಲೆ ಕೂರತಕ್ಕದ್ದಲ್ಲ, ಶಾಲು ಮಣ್ಣಾಗುತ್ತದೆ. ಅತಿಥಿಗಳು ಯಾವ ಹೊತ್ತಿಗಾದರೂ ಬರಬಹುದಾದ್ದರಿಂದ ಸದರಿ ಮಗುವನ್ನು ಓಡಿಸತಕ್ಕದ್ದಲ್ಲ, ಬೆವರಿಸತಕ್ಕದ್ದಲ್ಲ. ಇತರ ಮಕ್ಕಳು ಸದರಿ ಮಗುವನ್ನು ಗೌರವದಿಂದ ಕಾಣತಕ್ಕದ್ದು, ಕೈ ಹಿಡಿದು ಎಳೆಯತಕ್ಕದ್ದಲ್ಲ. ಓದಲು ಬಾರದ ಮಕ್ಕಳಿಗೆ ಗೋಡೆಯ ಮೇಲೆ ನಿಯಮ ಯಾಕೆ ಎಂದು ಲತಾ ಕೇಳಿದಳು. ಅವಳ ಬಾಯಿ ಸ್ವಲ್ಪ ಉದ್ದ. ದಿನಾ ಬೆಳಿಗ್ಗೆ ಪ್ರಾರ್ಥನೆಯ ಜೊತೆ ಓದಿ ಹೇಳು ಎಂದು ಆಜ್ಞೆ ಮಾಡಿದೆ.

ಅಷ್ಟರಲ್ಲಿ ವಾರ್ಷಿಕೋತ್ಸವ ಬಂತು. ಲತಾ ಮಕ್ಕಳಿಗೆ ಒಂದು ಕುಣಿತ ಕಲಿಸಿದ್ದಳು. ಎಲ್ಲರೂ ಕೈ ಕೈ ಹಿಡಿದು ದುಂಡಗೆ ನಿಂತು ತೂಗಾಡುವುದು, ಓಡಾಟವಿಲ್ಲ, ಜಿಗಿತವಿಲ್ಲ. ಯಾರ ಸಲುವಾಗಿ ಹಾಗೆ ಹೊಂದಿಸಿದ್ದಳೆಂಬುದು ನಮಗೆ ಗೊತ್ತಾಗದೆ ಇರಲಿಲ್ಲ. ಉತ್ಸವದ ಹಿಂದಿನ ವಾರ ಕಮಲಾಕ್ಷಿ ಸಮಿತಿಯ ಸಭೆಗೆ ಬಂದರು. ಯಾವತ್ತೂ ದನಿ ಏರಿಸಿದ ಹೆಣ್ಣುಮಗಳಲ್ಲ, ಅಂದೂ ಏರಿಸಲಿಲ್ಲ.

"ಎರಡು ತಿಂಗಳಿಂದ ಮನ್ಯಾಗ ಕನ್ನಡಿ ಮುಂದ ನಿಂತು ಅದೇ ಕುಣೀಲತಾಳ್ರಿ" ಎಂದರು. "ಶಾಲು ಕಪಾಟಿನ್ಯಾಗ ಹಿಡಿಸವಲ್ಲವು. ಅವು ಬ್ಯಾಡ್ರಿ ನಮಗ. ಅವತ್ತೊಂದು ದಿನ ಆಕೀಗಿ ಹುಡುಗ್ರ ನಡಕ್ ನಿಂದರ್ಸ್ರಿ. ಇಷ್ಟೇ ಕೇಳ್ಲಿಕ್ಕೆ ಬಂದೀನಿ."

ವಿಶ್ವನಾಥಪ್ಪನವರ ಕಣ್ಣಲ್ಲಿ ನೀರು ಬಂತು. ಅವರು ಮೃದು ಸ್ವಭಾವದವರು.

"ತಂಗಿ, ಕುಣಿಯೋ ಮಕ್ಕಳು ಬೇಕಾದಷ್ಟು ಅವ" ಎಂದರು. "ಮ್ಯಾಲಿನ ಕುರ್ಚಿ ನಿನ್ನ ಮಗಳೊಬ್ಬಾಕಿಗೇ ಅದ. ಹಾಳು ಮಾಡ್ಕೋಬ್ಯಾಡ."

ಕಮಲಾಕ್ಷಿ ಇನ್ನೇನೋ ಹೇಳಲು ಹೊರಟರು. ಸಮಿತಿಯವರೆಲ್ಲ ಎದ್ದು ನಿಂತು ಕೈ ಮುಗಿದೆವು. ಕೈ ಮುಗಿದವರ ಮುಂದೆ ಯಾರೂ ಹೆಚ್ಚು ಹೊತ್ತು ಮಾತಾಡುವುದಿಲ್ಲ ಎಂಬುದು ನನ್ನ ಅನುಭವ.

'ನಾವೆಲ್ಲ ಒಂದೇ' ಎಂಬುದು ಉತ್ಸವದ ಹೆಸರು. ಪರದೆ ಸರಿಯಿತು. ಕೆಳಗೆ ಮಕ್ಕಳು ದುಂಡಗೆ ನಿಂತು ತೂಗಾಡಿದರು, ಮೇಲೆ ಗಣ್ಯರ ಸಾಲಿನಲ್ಲಿ ಹಂಸಾ. ಹಾಡು ಶುರುವಾದದ್ದೇ ತಡ, ಅವಳು ಕುರ್ಚಿಯಿಂದ ಜಾರಿ ಇಳಿದು ಮೆಟ್ಟಿಲ ಕಡೆ ಹೊರಟಳು. ನಾನು ಹೋಗಿ ಎತ್ತಿ ತಂದು ಕೂರಿಸಿದೆ. ಮತ್ತೆ ಇಳಿದಳು, ಮತ್ತೆ ಕೂರಿಸಿದೆ. ನಿರೂಪಕರು ಸಮಯಪ್ರಜ್ಞೆಯಿಂದ, ಗಣ್ಯರು ದಯಮಾಡಿ ಆಸನದಲ್ಲೇ ಇರಬೇಕಾಗಿ ವಿನಂತಿ ಎಂದು ಮೈಕಿನಲ್ಲಿ ಹೇಳಿದರು. ಆಮೇಲೆ ಅವಳು ಕೂತಲ್ಲೇ ಎರಡೂ ಕೈ ಚಾಚಿ ತೂಗಾಡಿದಳು. ಹಿಡಿಯಲು ಆ ಕಡೆ ಈ ಕಡೆ ಅತಿಥಿಗಳಿದ್ದರು, ಅವರು ಹೂಗುಚ್ಛ ಹಿಡಿದಿದ್ದರು. ಕಮಲಾಕ್ಷಿ ಮಾತ್ರ ಎದ್ದು ಹೊರಗೆ ಹೋದರು. ಸೆಕೆ ಇತ್ತು.

ಮುಂದಿನ ವಾರ ದತ್ತಿ ಸಂಸ್ಥೆಯ ಮನೋರಮಾ ಮೇಡಂ ತಪಾಸಣೆಗೆ ಬಂದರು. ಈ ಸಲ ನಾವು ಯಾವ ತಯಾರಿಯನ್ನೂ ಮಾಡಿರಲಿಲ್ಲ, ಅದನ್ನು ಆಣೆ ಮಾಡಿ ಹೇಳುತ್ತೇನೆ. ಅಂಗಳದಲ್ಲಿ ಮುಟ್ಟಾಟ ನಡೆದಿತ್ತು. ಬೇವಿನ ಮರದ ಕೆಳಗೆ ಒಂದು ಕುರ್ಚಿ, ಅದರ ಮೇಲೆ ಹಂಸಾ, ಹೆಗಲ ಮೇಲೆ ಯಾವುದೋ ಮಗುವಿನ ಟವೆಲ್ಲು. ನಾವು ನೋಡುತ್ತಿದ್ದಂತೆ ಅವಳು ಇಳಿದು, ಕಾಲು ಎಳೆಯುತ್ತ ಆಟದೊಳಕ್ಕೆ ಬಂದು ವೈಷ್ಣವಿಯ ಕಡೆ ಕೈ ಚಾಚಿದಳು. ವೈಷ್ಣವಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನೀವು ಪಾವ್ಣೇರು. ಪಾವ್ಣೇರು ಆಡಬಾರದ್ರಿ, ಅಲ್ಲೇ ಕೂಡ್ರಿ" ಎಂದಳು, ಎಂದೂ ಇಲ್ಲದಂತೆ ಕನ್ನಡದಲ್ಲೇ.

ಮನೆಗೆ ಬಂದ ನೆಂಟರಿಗೆ ನಮ್ಮ ಕಡೆ ಹೇಳುವ ಮಾತು ಅದು, ನಾವು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಹಂಸಾ ಹಿಂದಿರುಗಿ ಹೋಗಿ ಕುರ್ಚಿ ಹತ್ತಿದಳು. ಉಳಿದ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ, ಮತ್ತೆ ಓಡಲು ಹೋದರು. ಲತಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮನೋರಮಾ ಮೇಡಂ ಕಣ್ಣೊರೆಸಿಕೊಂಡು, ಇಷ್ಟು ಚಿಕ್ಕ ಮಕ್ಕಳಲ್ಲಿ ಸಮನ್ವಯವು ಇಷ್ಟು ಆಳಕ್ಕೆ ಇಳಿದದ್ದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಬರೆದುಕೊಟ್ಟರು. ನೆರವು ಪಡೆದ ಬಾಲವಾಡಿಗಳಲ್ಲೆಲ್ಲ ನಮ್ಮ ಬಳಗಕ್ಕೆ ಪ್ರಥಮ ಸ್ಥಾನ ಬಂತು.

ನಿಯಮಗಳನ್ನು ಈಗ ಗೋಡೆಯಿಂದ ತೆಗೆದಿದ್ದೇವೆ, ಅವುಗಳ ಅಗತ್ಯವಿಲ್ಲ. ಹಂಸಾ ಬೆಳಿಗ್ಗೆ ಬಂದವಳೇ ಯಾರನ್ನೂ ಕೇಳದೆ ನೇರವಾಗಿ ಹೋಗಿ ಕುರ್ಚಿಯ ಮೇಲೆ ಕೂರುತ್ತಾಳೆ, ಮನೆಗೆ ಕರೆಯುವ ತನಕ ಇಳಿಯುವುದಿಲ್ಲ.